ಪ್ಲಾಸ್ಟಿಕ್ ಬದಲಿಗೆ ಏನು, ಎಲ್ಲಿ ಸಿಗುತ್ತೆ ಅಂತ ತಿಳಿಸಿ

ಮಾನ್ಯರೇ,

ಹಾಸನದಲ್ಲಿ ನನ್ನದೊಂದು ಪುಟ್ಟ ಬೇಕರಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯೋ ಪ್ಲಾಸ್ಟಿಕ್ ಲೋಟ, ಚಮಚ, ತಟ್ಟೆಗೆ ದೇಶದಾದ್ಯಂತ ನಿಷೇಧ ಬಂತು. ಒಳ್ಳೆಯದೇ. ಆದರೆ ಬದಲಿಗೆ ಏನು ತರಬೇಕು, ಎಲ್ಲಿ ಸಿಗುತ್ತೆ ಅಂತ ಎರಡು ವಾರ ಅಲೆದೆ. ಕೊನೆಗೆ ಸ್ಟೀಲ್ ಲೋಟ ತಂದೆ. ಮೊದಲು ಸಂಜೆಯಾದರೆ ಕಸದ ಬುಟ್ಟಿ ತುಂಬಿ ಚೆಲ್ಲುತ್ತಿತ್ತು, ತಳದಲ್ಲಿ ಟೀ ಸೋರಿ ನೊಣ ಮುತ್ತುತ್ತಿದ್ದವು. ಈಗ ಅರ್ಧವೂ ತುಂಬಲ್ಲ. ತೊಳೆಯೋ ಕೆಲಸ ಜಾಸ್ತಿ, ನಿಜ.

ಕಸ ಕಡಿಮೆ ಮಾಡೋ ಇಂಥ ಮಾಹಿತಿಗೆ ಊರಿಗೊಂದು ವೆಬ್‌ಸೈಟ್ ಇದ್ದರೆ ಎಷ್ಟು ಸಲೀಸು ಅಲ್ವಾ? ನಾಮಕರಣಕ್ಕೆ ಸ್ಟೀಲ್ ತಟ್ಟೆ ಯಾರು ಬಾಡಿಗೆಗೆ ಕೊಡುತ್ತಾರೆ, ಅಡಿಕೆ ಹಾಳೆ ತಟ್ಟೆ ಯಾರ ಹತ್ತಿರ ಇದೆ, ಮಿಕ್ಸಿ ರಿಪೇರಿ ಎಲ್ಲಿ, ಉಳಿದ ಊಟ ಯಾರಿಗೆ ತಲುಪಿಸಬೇಕು, ಎಲ್ಲ ಅದರಲ್ಲಿರಲಿ. ಕನ್ನಡದಲ್ಲೇ ಇರಲಿ. ಫೋನ್ ನಂಬರ್ ಹಳತಾಗದಂತೆ ಯಾರಾದರೂ ನೋಡಿಕೊಳ್ಳಲಿ.

– ಬೇಕರಿ ಮಾಲೀಕ, ಹಾಸನ