ಪ್ರಶ್ನೆ ಪೆಟ್ಟಿಗೆಯ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ಮಕ್ಕಳು ತಮ್ಮ ಪ್ರಶ್ನೆಗಳನ್ನು ಬರೆದು ಹಾಕುವ ಪೆಟ್ಟಿಗೆಯಿಂದ ತೆಗೆದು, ಕಳೆದ ವಾರ ಬೆಳಗಿನ ಅಸೆಂಬ್ಲಿಯಲ್ಲಿ ಓದಿದ ಎರಡು ಚೀಟಿಗಳ ಬಗ್ಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ. ಕೆಲವರು ಆಫೀಸಿಗೇ ಬಂದು ಮಾತಾಡಿದ್ದೀರಿ. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳುವುದಕ್ಕಿಂತ ಎಲ್ಲರಿಗೂ ಸೇರಿ ಒಂದು ಪತ್ರ ಬರೆಯುವುದೇ ಸರಿ ಅನ್ನಿಸಿತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಚೀಟಿಯಲ್ಲಿ ಏನಿತ್ತು ಅನ್ನುವ ಸುದ್ದಿ ಮನೆಯಿಂದ ಮನೆಗೆ ಹೋಗುತ್ತಾ ಬೇರೆಯೇ ಆಗಿಬಿಟ್ಟಿದೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲನೆಯದು ಐದನೇ ಕ್ಲಾಸಿನದು. "ಗಗನಯಾತ್ರಿಗಳಿಗೆ ಎರಡಕ್ಕೆ ಬಂದರೆ ಎಲ್ಲಿಗೆ ಹೋಗುತ್ತಾರೆ? ಅದು ತೇಲುತ್ತಾ?" ಇನ್ನೊಂದು ಎಂಟನೇ ಕ್ಲಾಸಿನದು. "ಆರು ತಿಂಗಳು ಮೇಲೆ ಇರುವ ಹೆಂಗಸರು ಮುಟ್ಟಾದರೆ ಏನು ಮಾಡುತ್ತಾರೆ?" ಇಷ್ಟೇ. ಇದಕ್ಕಿಂತ ಒಂದು ಅಕ್ಷರ ಜಾಸ್ತಿ ಇರಲಿಲ್ಲ.

ಮೊದಲು ನಮ್ಮಿಂದಾದ ತಪ್ಪು ಹೇಳುತ್ತೇನೆ. ಎರಡನೇ ಚೀಟಿಯನ್ನು ಇಡೀ ಶಾಲೆಯ ಮುಂದೆ ಮೈಕಿನಲ್ಲಿ ಓದಬಾರದಿತ್ತು. ಅದರ ಮೇಲೆ ಹೆಸರಿರಲಿಲ್ಲ, ನಿಜ. ಆದರೆ ಓದಿದ ತಕ್ಷಣ ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮಾತ್ರ ಶೂ ತುದಿಯಿಂದ ನೆಲ ಕೆರೆಯುತ್ತಾ ನಿಂತಳು, ಪ್ರಾರ್ಥನೆ ಮುಗಿಯುವ ತನಕ ತಲೆ ಎತ್ತಲಿಲ್ಲ. ಚೀಟಿ ಅವಳದ್ದೋ ಅಲ್ಲವೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಆ ಮಗುವಿಗೆ ಆದ ಮುಜುಗರಕ್ಕೆ ನಾನು ಹೊಣೆ. ಚೀಟಿ ಓದಿ ಅಂತ ಟೀಚರ್‌ಗೆ ಹೇಳಿದವಳು ನಾನು. ದಯವಿಟ್ಟು ಅವರಿಗೆ ಫೋನ್ ಮಾಡಬೇಡಿ, ಹೇಳುವುದಿದ್ದರೆ ನನಗೆ ಹೇಳಿ.

ಓದಿದ ಜಾಗ ತಪ್ಪಾಯಿತು. ಪ್ರಶ್ನೆ ತಪ್ಪಲ್ಲ. ನಿಮ್ಮಲ್ಲಿ ಹಲವರು ಒಪ್ಪದೇ ಇರುವುದು ಈ ಎರಡನೇ ಮಾತನ್ನು ಅಂತ ನನಗೆ ಗೊತ್ತು. ಅದಕ್ಕೇ ಈ ಪತ್ರ.

ಪೋರ್ಷನ್ ಹಿಂದೆ ಬಿದ್ದಿದೆ ಅನ್ನುವ ದೂರು ಮೊದಲು ಮುಗಿಸಿಬಿಡುತ್ತೇನೆ. ಬಿದ್ದಿಲ್ಲ. ಪೆಟ್ಟಿಗೆಯ ಮಾತುಕತೆ ನಡೆಯುವುದು ಶುಕ್ರವಾರದ ಕೊನೆಯ ಪೀರಿಯಡ್‌ನಲ್ಲಿ ಮಾತ್ರ. ಯಾವ ವಿಷಯದ ಪಾಠ ಎಲ್ಲಿಗೆ ಬಂದಿದೆ ಅಂತ ನೋಡಬೇಕಾದರೆ ಆಫೀಸಿಗೆ ಬನ್ನಿ, ತೋರಿಸುತ್ತೇನೆ.

ಇನ್ನು 'ಕೊಳಕು ಪ್ರಶ್ನೆ' ಅನ್ನುವ ಮಾತು. ಒಬ್ಬ ತಂದೆ ನನ್ನೆದುರು ಕೂತು, "ರಾಕೆಟ್ ಬಗ್ಗೆ ಕೇಳಲಿ, ಗ್ರಹಗಳ ಬಗ್ಗೆ ಕೇಳಲಿ, ಇದೆಲ್ಲ ಯಾಕೆ?" ಅಂದರು. ಕಾಳಜಿಯಿಂದಲೇ ಕೇಳಿದರು. ಅವರಿಗೆ ನಾನು ಒಂದು ನಡೆದ ಸಂಗತಿ ಹೇಳಿದೆ, ನಿಮಗೂ ಹೇಳುತ್ತೇನೆ.

1961ರ ಮೇ 5. ಅಮೆರಿಕದ ಮೊದಲ ಗಗನಯಾತ್ರಿ ಅಲನ್ ಶೆಪರ್ಡ್ ಹಾರಬೇಕಿದ್ದ ದಿನ. ಹಾರಾಟ ಬರೀ 15 ನಿಮಿಷದ್ದು. ಅಷ್ಟರಲ್ಲಿ ಒಂದಕ್ಕೆ ಬಂದರೆ ಏನು ಮಾಡುವುದು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅದಕ್ಕೆ ಯಾವ ವ್ಯವಸ್ಥೆಯೂ ಇರಲಿಲ್ಲ. ಆದರೆ ಉಡಾವಣೆ ತಡವಾಯಿತು. ರಾಕೆಟ್ಟಿನ ತುದಿಯಲ್ಲಿ, ಆ ಪುಟ್ಟ ಕೋಶದಲ್ಲಿ, ಬೆನ್ನ ಮೇಲೆ ಮಲಗಿದ ಹಾಗೆ ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಕಾಯಬೇಕಾಯಿತು. ತಡೆದುಕೊಳ್ಳುವುದು ಆಗುವುದಿಲ್ಲ ಅಂತ ಅವರು ರೇಡಿಯೋದಲ್ಲಿ ಹೇಳಿದರು. ಮೈಗೆ ಅಂಟಿಸಿದ್ದ ವೈರುಗಳು ಒದ್ದೆಯಾದರೆ ಶಾರ್ಟ್ ಆಗುತ್ತದೆ ಅನ್ನುವ ಭಯ ಬೇರೆ. ಕೊನೆಗೆ ಅವುಗಳ ಕರೆಂಟ್ ನಿಲ್ಲಿಸಿ, ಸೂಟಿನೊಳಗೇ ಮಾಡಿಕೊಳ್ಳಲು ಬಿಟ್ಟರು.

ಅಷ್ಟೊಂದು ಜನ ಓದಿದವರು, ವರ್ಷಗಟ್ಟಲೆ ಲೆಕ್ಕ ಹಾಕಿದವರು. ನಮ್ಮ ಐದನೇ ಕ್ಲಾಸಿನ ಮಗು ಕೇಳಿದ ಪ್ರಶ್ನೆಯನ್ನು ಅವರಲ್ಲಿ ಯಾರೂ ಸಮಯಕ್ಕೆ ಸರಿಯಾಗಿ ಕೇಳಿರಲಿಲ್ಲ. 1963ರಲ್ಲಿ ಮೊದಲ ಮಹಿಳಾ ಗಗನಯಾತ್ರಿ ವಲೆಂಟಿನಾ ತೆರೆಶ್ಕೋವಾ ಹೋದಾಗಲೂ ಹಾಗೇ ಆಯಿತು. ಸಾಮಾನಿನ ಜೊತೆ ಹಲ್ಲುಜ್ಜುವ ಬ್ರಷ್ ಇಡುವುದನ್ನೇ ಮರೆತಿದ್ದರು.

ಎರಡನೇ ಚೀಟಿಯ ಕಥೆಯೂ ಇದೇ. 1983ರ ಜೂನ್‌ನಲ್ಲಿ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆಯಾದರು. ಹಾರಾಟ ಸುಮಾರು ಆರು ದಿನದ್ದು. ಒಂದು ವಾರಕ್ಕೆ 100 ಟ್ಯಾಂಪೂನ್ (ಮುಟ್ಟಿನ ರಕ್ತ ಹೀರಲು ಮೈಯೊಳಗೆ ಇಟ್ಟುಕೊಳ್ಳುವ ಹತ್ತಿಯ ಸುರುಳಿ) ಸಾಕಾಗುತ್ತಾ ಅಂತ ಎಂಜಿನಿಯರುಗಳು ಅವರನ್ನು ಕೇಳಿದ್ದರು. ಅಷ್ಟೊಂದು ಬೇಕೇ ಆಗುವುದಿಲ್ಲ. ಇದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆ ಎಂಜಿನಿಯರುಗಳು ಕೆಟ್ಟವರಲ್ಲ. ಅವರು ಬೆಳೆದ ಮನೆಯಲ್ಲಾಗಲಿ, ಶಾಲೆಯಲ್ಲಾಗಲಿ ಇದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡಿರಲಿಕ್ಕಿಲ್ಲ. ತೂಕವಿಲ್ಲದ ಕಡೆ ಮುಟ್ಟಿನ ರಕ್ತ ಹೊರಗೆ ಬಾರದೆ ಒಳಗೇ ಉಳಿದೀತು ಅಂತ ಹೆದರಿದವರೂ ಆಗ ಇದ್ದರು. ಹಾಗೇನೂ ಆಗಲಿಲ್ಲ. ಮುಟ್ಟು ಇಲ್ಲಿ ಹೇಗೋ ಅಲ್ಲೂ ಹಾಗೇ. ತುಂಬಾ ತಿಂಗಳು ಇರುವವರಲ್ಲಿ ಕೆಲವರು ವೈದ್ಯರನ್ನು ಕೇಳಿ, ಮಾತ್ರೆ ತೆಗೆದುಕೊಂಡು ಮುಟ್ಟು ಬಾರದ ಹಾಗೆ ನೋಡಿಕೊಳ್ಳುತ್ತಾರೆ. ಅದು ಅವರವರ ಆಯ್ಕೆ. ಎಂಟನೇ ಕ್ಲಾಸಿನ ಚೀಟಿಗೆ ಉತ್ತರ ಇಷ್ಟೇ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಹೇಳಿ?

ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ನಾನೂ ಇಬ್ಬರು ಮಕ್ಕಳ ತಾಯಿ. ಎಲ್ಲರೂ ಕೂತಿರುವಾಗ ಮಗು ದಿಢೀರ್ ಅಂತ ಇಂಥದ್ದೊಂದು ಕೇಳಿದರೆ ಕಿವಿ ಬಿಸಿಯಾಗುತ್ತದೆ. ಅದು ಸಹಜ. ಆದರೆ ಆ ಮಗು ಕೇಳಿದ್ದು ಮುಟ್ಟಿನ ಬಗ್ಗೆ ಮಾತ್ರವಲ್ಲ. 'ನಾನೂ ಅಲ್ಲಿಗೆ ಹೋಗಬಹುದಾ, ಹೋದರೆ ನನ್ನ ಪಾಡೇನು' ಅಂತಲೂ ಕೇಳಿದ್ದು. ನನಗೆ ಹಾಗೇ ಕೇಳಿಸಿತು.

ಮೊದಲ ಚೀಟಿಗೆ ಬರುತ್ತೇನೆ. ಎರಡಕ್ಕೆ ಹೋದದ್ದು ತೇಲುತ್ತಾ? ತೇಲುತ್ತದೆ. ಯಾಕೆ ತೇಲುತ್ತದೆ ಅಂತ ಹೇಳಲು ನಮ್ಮ ವಿಜ್ಞಾನ ಟೀಚರ್‌ಗೆ ಒಂದು ಇಡೀ ಪೀರಿಯಡ್ ಬೇಕಾಯಿತು. ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ ಅಂತ ಮಕ್ಕಳಷ್ಟೇ ಅಲ್ಲ, ನಮ್ಮಲ್ಲೂ ಎಷ್ಟೋ ಜನ ಅಂದುಕೊಂಡಿದ್ದೇವೆ ಅಲ್ವಾ? ಗಗನಯಾತ್ರಿಗಳು ಉಳಿದುಕೊಳ್ಳುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ಅಲ್ಲೂ ಭೂಮಿಯ ಸೆಳೆತ ಇಲ್ಲಿಯದರ ನೂರಕ್ಕೆ ಸುಮಾರು 90 ಪಾಲಿನಷ್ಟು ಇದ್ದೇ ಇದೆ. ನಿಲ್ದಾಣ, ಅದರೊಳಗಿನ ಜನ, ಅವರ ಚಮಚ, ಚಡ್ಡಿ ಎಲ್ಲವೂ ಒಟ್ಟಿಗೆ ಬೀಳುತ್ತಲೇ ಇವೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಓಡುತ್ತಿರುವುದರಿಂದ ನೆಲ ಸಿಗುವುದಿಲ್ಲ. 90 ನಿಮಿಷಕ್ಕೆ ಒಂದು ಸುತ್ತು, ದಿನಕ್ಕೆ ಸುಮಾರು 16 ಸಲ ಸೂರ್ಯೋದಯ. ಎಲ್ಲ ಒಟ್ಟಿಗೆ ಬೀಳುವಾಗ ಒಂದರ ಮೇಲೆ ಒಂದು ಭಾರ ಹಾಕುವುದಿಲ್ಲ, ಅದಕ್ಕೇ ತೇಲುವುದು. ಇದನ್ನೇ ಬೋರ್ಡಿನ ಮೇಲೆ ಸೂತ್ರ ಬರೆದು ಹೇಳಿದಾಗ ಅರ್ಧ ಕ್ಲಾಸು ಕಿಟಕಿ ಕಡೆ ನೋಡುತ್ತಿರುತ್ತದೆ. ಟಾಯ್ಲೆಟ್ ವಿಷಯದಿಂದ ಶುರುಮಾಡಿದ ದಿನ ಒಬ್ಬರೂ ಆ ಕಡೆ ತಿರುಗಲಿಲ್ಲ. ನಾನು ಹಿಂದಿನ ಬೆಂಚಿನಲ್ಲೇ ಕೂತಿದ್ದೆ.

ಇಲ್ಲಿ ನೀರು ಸುರಿದರೆ ಎಲ್ಲ ಕೆಳಗೆ ಹೋಗುತ್ತದೆ. ಅಲ್ಲಿ 'ಕೆಳಗೆ' ಅನ್ನುವುದೇ ಇಲ್ಲ. ಹಾಗಾಗಿ ಗಾಳಿಯಿಂದ ಎಳೆದುಕೊಳ್ಳುತ್ತಾರೆ. ಒಂದಕ್ಕೆ ಒಂದು ಕೊಳವೆ, ಅದರ ತುದಿಗೆ ಆಲಿಕೆ. ಎರಡಕ್ಕೆ ಪುಟ್ಟ ಸೀಟು, ಕಾಲು ಸಿಕ್ಕಿಸಿ ಕೂರಬೇಕು. ಗಟ್ಟಿಯದನ್ನು ಚೀಲದಲ್ಲಿ ಕಟ್ಟಿ ಡಬ್ಬಿಗೆ ತುಂಬುತ್ತಾರೆ. ಆಮೇಲೆ ಕಸ ತುಂಬಿದ ಸರಕು ನೌಕೆಯ ಜೊತೆ ಅದು ವಾತಾವರಣದಲ್ಲಿ ಉರಿದುಹೋಗುತ್ತದೆ. ಮೂತ್ರವನ್ನು ಮಾತ್ರ ಬಿಸಾಡುವುದಿಲ್ಲ. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ಕುಡಿಯುತ್ತಾರೆ. 2023ರಲ್ಲಿ ನೂರಕ್ಕೆ 98 ಪಾಲು ನೀರನ್ನು ವಾಪಸ್ ಪಡೆಯುವ ಮಟ್ಟ ಮುಟ್ಟಿದರು. ಇದನ್ನು ಕೇಳಿದ ಮೇಲೆ ಐದನೇ ಕ್ಲಾಸಿನ ಮಕ್ಕಳು ನಲ್ಲಿ ಸರಿಯಾಗಿ ನಿಲ್ಲಿಸುವುದನ್ನು ಶುರುಮಾಡಿದ್ದಾರೆ. ನಾವು ಯಾರೂ ಹೇಳಿರಲಿಲ್ಲ.

ಗಗನಯಾತ್ರಿಗಳಿಗೂ ಈ ಪ್ರಶ್ನೆಯಿಂದ ಬೇಸರವಿಲ್ಲ. 2012ರಲ್ಲಿ ಸುನೀತಾ ವಿಲಿಯಮ್ಸ್ ನಿಲ್ದಾಣದ ಮೂಲೆ ಮೂಲೆಯನ್ನೂ ಕ್ಯಾಮೆರಾದಲ್ಲಿ ತೋರಿಸಿದಾಗ, ಟಾಯ್ಲೆಟ್ ತೋರಿಸಿ ಅದನ್ನು ಹೇಗೆ ಬಳಸುತ್ತಾರೆ ಅಂತಲೂ ಹೇಳಿದರು. ಎಲ್ಲರಿಗೂ ಇದೇ ಕುತೂಹಲ ಅಂತ ಅವರಿಗೆ ಗೊತ್ತಿತ್ತು.

ಮಕ್ಕಳ ಪ್ರಶ್ನೆಯೊಂದು ನಿಲ್ದಾಣದ ತನಕ ಹೋಗಿದ್ದೂ ಇದೆ. ಒದ್ದೆ ಬಟ್ಟೆಯನ್ನು ಅಲ್ಲಿ ಹಿಂಡಿದರೆ ಏನಾಗುತ್ತದೆ ಅಂತ ಕೆನಡಾದ ಇಬ್ಬರು ಹೈಸ್ಕೂಲ್ ಹುಡುಗಿಯರು ಕೇಳಿದ್ದರು. 2013ರಲ್ಲಿ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ನಿಲ್ದಾಣದಲ್ಲಿ ಅದನ್ನು ಮಾಡಿ ತೋರಿಸಿದರು. ನೀರು ಬೀಳಲಿಲ್ಲ. ಬಟ್ಟೆಯ ಸುತ್ತ ಗಾಜಿನ ಕೊಳವೆಯ ಹಾಗೆ ನಿಂತಿತು, ಆಮೇಲೆ ಅವರ ಕೈಗೆ ಜೆಲ್ಲಿಯಂತೆ ಅಂಟಿಕೊಂಡಿತು. ಆರನೇ ಕ್ಲಾಸಿನವರು ಇದರ ವಿಡಿಯೋ ನೋಡಿದ ಮೇಲೆ ನಲ್ಲಿ ಹತ್ತಿರ ಹೋಗಿ ಕರವಸ್ತ್ರ ಹಿಂಡಿ ನೋಡಿದರು. ಒಬ್ಬ ಹುಡುಗ ಹಿಂಡಿದ ಮೇಲೂ ಬೆರಳ ಸಂದಿಯಲ್ಲಿ ಉಳಿದ ಒಂದು ಹನಿಯನ್ನು ಬೆಳಕಿಗೆ ಹಿಡಿದು, "ಮಿಸ್, ಇದು ಇಲ್ಲೂ ಸ್ವಲ್ಪ ಅಂಟಿಕೊಳ್ಳುತ್ತೆ" ಅಂದ. ಯಾರೂ ಕೇಳದೆ, ತಾನೇ ನೋಡಿ ಹೇಳಿದ್ದು. ಅವತ್ತು ಯೂನಿಫಾರ್ಮ್ ಒದ್ದೆ ಮಾಡಿಕೊಂಡು ಬಂದಿದ್ದು ಇದಕ್ಕೇ. ಅದರ ಬಗ್ಗೆಯೂ ಇಬ್ಬರು ತಾಯಂದಿರು ಕೇಳಿದ್ದರು.

ಇನ್ನೊಂದು ದೂರು ಗಂಭೀರವಾದದ್ದು. ಒಂದು ಮಗು ಬೆಡ್‌ಶೀಟಿನಿಂದ ತನ್ನನ್ನು ಕಿಟಕಿ ಸರಳಿಗೆ ಕಟ್ಟಿಕೊಂಡು ನಿಂತೇ ಮಲಗಲು ನೋಡಿದೆ. ನಿಲ್ದಾಣದಲ್ಲಿ ಗೋಡೆಗೆ ಕಟ್ಟಿದ ಚೀಲದೊಳಗೆ ಮಲಗುತ್ತಾರೆ ಅಂತ ಕೇಳಿದ್ದೇ ಕಾರಣ. ಅಲ್ಲಿ ಮೈಗೆ ಭಾರವಿಲ್ಲ, ಕತ್ತು ವಾಲುವುದಿಲ್ಲ, ಇಲ್ಲಿ ಹಾಗಲ್ಲ ಅಂತ ಎಲ್ಲಾ ಕ್ಲಾಸುಗಳಲ್ಲೂ ಹೇಳಿದ್ದೇವೆ. ಕತ್ತಿಗೆ ಏನನ್ನೂ ಸುತ್ತಿಕೊಳ್ಳಬಾರದು, ಹೆಲ್ಮೆಟ್ ಅಂತ ಪ್ಲಾಸ್ಟಿಕ್ ಕವರನ್ನು ತಲೆಗೆ ಹಾಕಿಕೊಳ್ಳಲೇಬಾರದು ಅಂತಲೂ ಕಟ್ಟುನಿಟ್ಟಾಗಿ ಹೇಳಿದ್ದೇವೆ. ಈ ಒಂದು ವಿಷಯದಲ್ಲಿ ನೀವು ಗದರಿದರೂ ನನ್ನ ತಕರಾರಿಲ್ಲ. ಆದರೆ ಗದರಿ ಸುಮ್ನೆ ಬಿಡಬೇಡಿ, ಯಾಕೆ ಅಂತಲೂ ಹೇಳಿ. ಅಲ್ಲಿ ಬಿಸಿ ಗಾಳಿ ತಾನಾಗಿ ಮೇಲೆ ಹೋಗುವುದಿಲ್ಲ, ಮಲಗಿದವರ ಬಳಿ ಗಾಳಿ ಆಡದಿದ್ದರೆ ಬಿಟ್ಟ ಉಸಿರು ಮುಖದ ಸುತ್ತಲೇ ನಿಲ್ಲುತ್ತದೆ, ಅದಕ್ಕೇ ಅಲ್ಲಿ ಗಾಳಿ ಸದಾ ಓಡಾಡುತ್ತಲೇ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಇಷ್ಟು ಕೇಳಿದ ಮೇಲೆ ಕವರ್ ಯಾಕೆ ಅಪಾಯ ಅಂತ ಆ ಮಗುವೇ ನನಗೆ ವಿವರಿಸಿತು.

ಇಷ್ಟೆಲ್ಲ ಹೇಳಿದ ಮೇಲೂ ಪೆಟ್ಟಿಗೆಯನ್ನು ತೆಗೆದುಬಿಡಿ ಅನ್ನುವವರು ಇರಬಹುದು. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಪೆಟ್ಟಿಗೆಯನ್ನು ತೆಗೆಯುವುದಿಲ್ಲ. ಹೇಗೆ ನಡೆಸಬೇಕು ಅನ್ನುವುದನ್ನು ಬದಲಾಯಿಸಿದ್ದೇವೆ. ಇನ್ನು ಮುಂದೆ ಯಾವ ಚೀಟಿಯನ್ನೂ ಅಸೆಂಬ್ಲಿಯಲ್ಲಿ ಓದುವುದಿಲ್ಲ. ಕ್ಲಾಸ್ ಟೀಚರ್ ಮೊದಲೇ ಎಲ್ಲವನ್ನೂ ಓದಿ, ಆ ಕ್ಲಾಸಿನ ಪ್ರಶ್ನೆಗೆ ಆ ಕ್ಲಾಸಿನಲ್ಲೇ ಉತ್ತರ ಹೇಳುತ್ತಾರೆ. ಮೈಗೆ ಸಂಬಂಧಿಸಿದ ಪ್ರಶ್ನೆಗೆ ಉತ್ತರ ಹೇಳುವ ಹಿಂದಿನ ದಿನ ಡೈರಿಯಲ್ಲಿ ನಿಮಗೆ ಒಂದು ಸಾಲು ಬರುತ್ತದೆ. ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರಿಗೆ ಮಾತ್ರ ಹೇಳಿ ಅನ್ನುವ ಸಲಹೆಯನ್ನು ನಾವು ತುಂಬಾ ಯೋಚಿಸಿದೆವು. ಅದನ್ನು ಒಪ್ಪಿಕೊಂಡಿಲ್ಲ. ಅವತ್ತು ನಕ್ಕವರು ಹೊರಗೆ ಹೋದರೆ ಅವರಿಗೆ ಉತ್ತರ ಸಿಗುವುದು ಯಾವಾಗ? 100 ಸಾಕಾ ಅಂತ ಕೇಳಿದ ಎಂಜಿನಿಯರುಗಳೂ ಒಂದು ಕಾಲಕ್ಕೆ ಹೀಗೇ ಹೊರಗೆ ಕಳಿಸಿದ ಹುಡುಗರಾಗಿದ್ದಿರಬಹುದು.

ಈ ವಾರ ಪೆಟ್ಟಿಗೆ ತೆರೆದಾಗ ಮೂರೇ ಚೀಟಿಗಳಿದ್ದವು. ಅದಕ್ಕೂ ಮುಂಚಿನ ವಾರ ಮುಚ್ಚಳ ಕೂರುತ್ತಿರಲಿಲ್ಲ. ಮನೆಯಲ್ಲಿ ಬೈದರು ಅಂತ ಕೆಲವು ಮಕ್ಕಳು ಟೀಚರ್ ಹತ್ತಿರ ಹೇಳಿದ್ದಾರೆ. ಯಾವ ಮಕ್ಕಳು ಅಂತ ನಾನು ಬರೆಯುವುದಿಲ್ಲ. ಆ ಮೂರರಲ್ಲಿ ಒಂದು, "ಅಲ್ಲಿ ಅತ್ತರೆ ಕಣ್ಣೀರು ಎಲ್ಲಿ ಹೋಗುತ್ತೆ?" ಅಂತ. ಎಲ್ಲೂ ಹೋಗುವುದಿಲ್ಲ, ಕಣ್ಣಿಗೇ ಗುಂಡಾಗಿ ಅಂಟಿಕೊಂಡಿರುತ್ತದೆ, ಒರೆಸಿ ತೆಗೆಯಬೇಕು. ಈ ಶುಕ್ರವಾರ ಆ ಕ್ಲಾಸಿಗೆ ನಾನೇ ಹೋಗಿ ಹೇಳುತ್ತೇನೆ.

ನಿಮ್ಮಿಂದ ನಮಗೆ ಬೇಕಾದದ್ದು ಒಂದೇ: ಮಗು ಮನೆಯಲ್ಲಿ ಇಂಥದ್ದೇನಾದರೂ ಕೇಳಿದರೆ 'ಛೀ' ಅನ್ನಬೇಡಿ, ಉತ್ತರ ಗೊತ್ತಿಲ್ಲದಿದ್ದರೆ ಚೀಟಿ ಬರೆಸಿ ಕಳಿಸಿ.

ಪೆಟ್ಟಿಗೆ ಸೋಮವಾರದಿಂದ ಆಫೀಸಿನ ಮುಂದೆ ಇರುವುದಿಲ್ಲ. ಹೋಗಿ ಬರುವವರೆಲ್ಲ ನೋಡುತ್ತಾರೆ ಅಂತ ಮಕ್ಕಳು ಹಿಂಜರಿಯುತ್ತಿದ್ದರು. ಲೈಬ್ರರಿಯ ಒಳಗೆ, ಬಾಗಿಲ ಹಿಂದೆ ಇಡುತ್ತೇವೆ. ಪಕ್ಕದಲ್ಲಿ ಪೆನ್ಸಿಲ್ ಮತ್ತು ಖಾಲಿ ಚೀಟಿಗಳಿರುತ್ತವೆ. ನೀವು ಬಂದಾಗ ನೀವೂ ಒಂದು ಬರೆದು ಹಾಕಬಹುದು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ