ಮುಚ್ಚಿದರೋ, ಮುಚ್ಚಿಕೊಂಡವೋ

ಪ್ರಿಯ ಗೆಳೆಯಾ,

ಭಾನುವಾರ ನೀನು ಫೋನಿಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಪ್ಪಯ್ಯ ಹೃದಯದ ಮಾತ್ರೆ ನಿಲ್ಲಿಸಿ ನಾಲ್ಕು ದಿನವಾಯಿತು, ಹರಕೆ ಹೊತ್ತಾಗಿದೆ, ಇನ್ನು ಮಾತ್ರೆ ನುಂಗಿದರೆ ದೇವರನ್ನೇ ಅನುಮಾನಿಸಿದಂತೆ ಎಂದು ನಿಮ್ಮಣ್ಣ ಹಟ ಹಿಡಿದಿದ್ದಾನೆ ಎಂದು ನೀನು ಹೇಳಿದೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ’ ಎಂಬ ಅವನ ಮಾತನ್ನೂ ಹೇಳಿದೆ. ಕೊನೆಗೆ ಸ್ವಲ್ಪ ಕುಟುಕುತ್ತಲೇ, ‘ನೀನು ಓದುತ್ತಾ ಕೂರುವ ಆ ಯಹೂದಿಗಳು ಇದಕ್ಕೆ ಏನನ್ನುತ್ತಾರೆ’ ಎಂದು ನನ್ನನ್ನು ಕೇಳಿದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಬರೆಯುತ್ತಿದ್ದೇನೆ. ನಿಮ್ಮಣ್ಣನಿಗೂ ಓದಿಸು. ಆದರೆ ಮೊದಲು ಡಾಕ್ಟರಿಗೆ ಫೋನ್ ಮಾಡು, ಪತ್ರ ಆಮೇಲೆ.

ಜೆರುಸಲೇಮಿನ ಯಹೂದಿ ದೇವಾಲಯದಲ್ಲಿ ಪಾಸ್ಕ ಹಬ್ಬದ ಬಲಿಗೆ ಜನ ಮೂರು ತಂಡಗಳಾಗಿ ಬರುತ್ತಿದ್ದರು. ಒಂದು ತಂಡ ಒಳಬಂದು ಅಂಗಳ ತುಂಬಿತೆಂದರೆ ಬಾಗಿಲು ಬೀಳುತ್ತಿತ್ತು. ಆ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಸುಟ್ಟರು. ಅದಾಗಿ ಇನ್ನೂರೈವತ್ತು ವರ್ಷಗಳಾದ ಮೇಲೆ ಬ್ಯಾಬಿಲೋನಿನಲ್ಲಿ ಅಬಾಯೆ ಮತ್ತು ರಾವಾ ಎಂಬ ಇಬ್ಬರು ಗುರುಗಳು, ಇಲ್ಲದ ಆ ಬಾಗಿಲಿಗಾಗಿ ಜಗಳಕ್ಕೆ ಕೂರುತ್ತಾರೆ. ಬಾಗಿಲುಗಳು ‘ಮುಚ್ಚಿಕೊಂಡವು’ ಎಂದು ಅಬಾಯೆ ಓದುತ್ತಾನೆ. ಅಲ್ಲ, ‘ಮುಚ್ಚಿದರು’ ಎಂದು ರಾವಾ. ಹೀಬ್ರೂವಿನಲ್ಲೂ ವ್ಯತ್ಯಾಸ ಹೀಗೆಯೇ ಒಂದು ಕ್ರಿಯಾಪದದ ಬಾಲದಷ್ಟು. ಯಾವುದಾದರೇನು ಎಂದು ಈ ಗುರುಗಳ ವಾದಗಳನ್ನೆಲ್ಲ ಕೂಡಿಸಿಟ್ಟ ಗ್ರಂಥವಾದ ತಾಲ್ಮುದ್ ತಾನೇ ಕೇಳಿ, ಪವಾಡವನ್ನು ನೆಚ್ಚಿಕೊಳ್ಳಬಹುದೇ ಎಂಬುದೇ ಇಲ್ಲಿನ ಪ್ರಶ್ನೆ ಎನ್ನುತ್ತದೆ. ಆ ದೇವಾಲಯದಲ್ಲಿ ಪವಾಡಗಳು ದಿನನಿತ್ಯದ ಸಂಗತಿಯಾಗಿದ್ದವು ಎಂದು ಅವರ ಪರಂಪರೆಯೇ ಪಟ್ಟಿ ಕೊಡುತ್ತದೆ. ಅಂಥ ಜಾಗದಲ್ಲೂ ರಾವಾನಿಗೆ ಅಗುಳಿ ಹಾಕಲು ಒಬ್ಬ ಆಳು ಬೇಕು!

ಹಾಗಾದರೆ ಅಬಾಯೆ ನಿಮ್ಮಣ್ಣನ ಪಕ್ಷ ಎನ್ನುವೆಯಾ? ಇನ್ನೊಂದು ಕಡೆ ಅವನು ಏನೆನ್ನುತ್ತಾನೆ ಕೇಳು. ಒಬ್ಬ ಬಡವನ ಹೆಂಡತಿ ಹಾಲು ಕುಡಿಯುವ ಕೂಸನ್ನು ಬಿಟ್ಟು ತೀರಿಕೊಂಡಳು. ಹಾಲೂಡಿಸುವವಳಿಗೆ ಕೊಡಲು ಅವನಲ್ಲಿ ಕಾಸಿಲ್ಲ. ಪವಾಡ ನಡೆದು ಅವನ ಎದೆಯಲ್ಲೇ ಹಾಲು ಬಂತು, ಮಗುವಿಗೆ ತಾನೇ ಕುಡಿಸಿದ. ಎಷ್ಟು ದೊಡ್ಡ ಮನುಷ್ಯ ಎಂದು ಅಬಾಯೆಯ ಗುರು ರವ್ ಯೋಸೆಫ್ ಕೊಂಡಾಡಿದ. ಅಬಾಯೆ ಒಪ್ಪಲಿಲ್ಲ: ಅವನಿಗಾಗಿ ಸೃಷ್ಟಿಯ ಕ್ರಮವನ್ನೇ ತಿರುಗಿಸಬೇಕಾಯಿತಲ್ಲ, ಎಂಥ ಕೀಳು ಸ್ಥಿತಿ ಅವನದು! ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ರಾಶಿ ಇದನ್ನು ಬಿಡಿಸುತ್ತಾನೆ: ಆ ಮನುಷ್ಯನಿಗೆ ಸಂಪಾದನೆಯ ಬಾಗಿಲು ತೆರೆಯಲಿಲ್ಲವಲ್ಲ, ಅದೇ ಆ ಕೀಳು ಸ್ಥಿತಿ. ಮೊದಲ ಸಲ ಓದಿದಾಗ ಅಬಾಯೆಯ ಮೇಲೆ ನನಗೆ ಸಿಟ್ಟೇ ಬಂದಿತ್ತು. ಹೆಂಡತಿ ಸತ್ತವನಿಗೆ ಹೀಗೆ ಹೇಳುವುದೇ? ಈಗ ಬೇರೆ ರೀತಿ ಕೇಳಿಸುತ್ತದೆ. ಊರಿನಲ್ಲಿ ಯಾರಾದರೂ ನಾಲ್ಕು ಕಾಸು ಕೊಟ್ಟಿದ್ದರೆ ಆ ಪವಾಡ ಬೇಕಾಗಿರಲಿಲ್ಲ. ಅದೇ ಪುಟದಲ್ಲಿ ರವ್ ನಹ್ಮಾನನ ಒಂದು ಸಾಲಿದೆ: ಪವಾಡ ನಡೆಯುತ್ತದೆ, ಆದರೆ ಊಟ ಉಂಟಾಗುವುದಿಲ್ಲ. ನಿಮ್ಮಣ್ಣನ ಗಾದೆಗೆ ಎದುರಾಗಿ ಇಡಲು ಇದಕ್ಕಿಂತ ಚೆನ್ನಾದದ್ದು ನನಗೆ ಸಿಕ್ಕಿಲ್ಲ.

ಅವರಲ್ಲಿ ಪವಾಡಪುರುಷರೇ ಇಲ್ಲವೆಂದಲ್ಲ. ಹನಿನಾ ಬೆನ್ ದೋಸಾ ಎಂಬವನ ಮಗಳು, ಶುಕ್ರವಾರ ಸಂಜೆ ಶುರುವಾಗುವ ವಿಶ್ರಾಂತಿಯ ದಿನವಾದ ಸಬ್ಬತ್ತಿನ ದೀಪಕ್ಕೆ ಎಣ್ಣೆಯ ಬದಲು ವಿನೆಗರ್ ಹಾಕಿ ಕಂಗಾಲಾಗಿದ್ದಳು. ಎಣ್ಣೆಗೆ ಉರಿ ಎಂದವನು ವಿನೆಗರಿಗೂ ಹೇಳುತ್ತಾನೆ ಎಂದ ಅಪ್ಪ. ದೀಪ ಮರುದಿನದವರೆಗೂ ಉರಿಯಿತು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಮನೆಯಲ್ಲಿ ಒಲೆಗೆ ಹಾಕಲು ಹಿಟ್ಟಿಲ್ಲದೆ, ನೆರೆಯವರೆದುರು ಮಾನ ಹೋಗಬಾರದೆಂದು ಹೆಂಡತಿ ಪ್ರತಿ ಶುಕ್ರವಾರ ಖಾಲಿ ಒಲೆಯಲ್ಲಿ ಹೊಗೆ ಎಬ್ಬಿಸುತ್ತಿದ್ದಳು. ಎಷ್ಟು ದಿನ ಹೀಗೆ ಎಂದು ಅವಳು ಕೇಳಿದ್ದಕ್ಕೆ ಹನಿನಾ ಪ್ರಾರ್ಥಿಸಿದ. ಮೇಲಿಂದ ಕೈಯೊಂದು ಬಂದು ಚಿನ್ನದ ಮೇಜಿನ ಒಂದು ಕಾಲನ್ನು ಕೊಟ್ಟಿತು. ಆ ರಾತ್ರಿಯ ಕನಸಿನಲ್ಲಿ ಪರಲೋಕದಲ್ಲಿ ಎಲ್ಲರೂ ಮೂರು ಕಾಲಿನ ಮೇಜಿನಲ್ಲಿ ಉಣ್ಣುತ್ತಿದ್ದಾರೆ, ಇವರದಕ್ಕೆ ಎರಡೇ ಕಾಲು. ವಾಪಸು ಕೊಡಿಸು ಎಂದಳು ಹೆಂಡತಿ. ಕೊಟ್ಟರು. ಕೊಟ್ಟದ್ದನ್ನು ಮೇಲಿನವರು ತಿರುಗಿ ಪಡೆದದ್ದೇ ಮೊದಲಿಗಿಂತ ದೊಡ್ಡ ಪವಾಡ ಎಂದು ತಾಲ್ಮುದ್ ಸಣ್ಣಗೆ ನಗುತ್ತದೆ. ರಬ್ಬಿ ಯನ್ನಾಯ್ ಇದನ್ನೇ ಲೆಕ್ಕದ ಭಾಷೆಯಲ್ಲಿ ಹೇಳಿದ: ಪವಾಡವಾಗುತ್ತದೆಂದು ಅಪಾಯದ ಜಾಗದಲ್ಲಿ ನಿಲ್ಲಬೇಡ, ಆಗದೆಯೂ ಇರಬಹುದು, ಒಂದು ವೇಳೆ ಆಯಿತೆಂದರೂ ನಿನ್ನ ಪುಣ್ಯದಿಂದ ಅಷ್ಟು ಕಳೆಯುತ್ತಾರೆ.

ಇನ್ನು ಔಷಧಿಯ ವಿಷಯ. ಬೈಬಲಿನಲ್ಲಿ ಬರುವ ಹಿಜ್ಕೀಯ ರಾಜ ಒಂದು ಚಿಕಿತ್ಸೆಯ ಪುಸ್ತಕವನ್ನು ಮುಚ್ಚಿಟ್ಟನಂತೆ. ಜನ ದೇವರನ್ನು ಬಿಟ್ಟು ಮದ್ದನ್ನು ನೆಚ್ಚತೊಡಗಿದ್ದರು, ಅದಕ್ಕೇ ಎಂದು ಕೆಲವರು ಅರ್ಥ ಮಾಡಿದರು. ಹನ್ನೆರಡನೆಯ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸನಿಗೆ ಇದನ್ನು ಕೇಳಿ ರೇಗಿಹೋಯಿತು. ಹಸಿದವನು ರೊಟ್ಟಿ ತಿಂದರೆ ದೇವರ ಮೇಲಿನ ಭರವಸೆ ಬಿಟ್ಟಂತಾಯಿತೇ? ಹಸಿವೂ ಒಂದು ನೋವು, ರೊಟ್ಟಿ ಅದರ ಮದ್ದು. ಊಟಕ್ಕೆ ದೇವರನ್ನು ವಂದಿಸುವ ಹಾಗೆಯೇ ಮದ್ದಿಗೂ ವಂದಿಸುತ್ತೇನೆ ಎಂದು ಬರೆದ. ಅವನು ಸ್ವತಃ ವೈದ್ಯ. ಬೆಳಿಗ್ಗೆ ಕೈರೋದ ಅರಮನೆ, ಮಧ್ಯಾಹ್ನ ಹಸಿದು ಪಕ್ಕದ ಫುಸ್ತಾತಿನ ಮನೆಗೆ ಬಂದರೆ ಅಲ್ಲಿ ರೋಗಿಗಳ ಸಾಲು, ಸುಸ್ತಾಗಿ ಮಲಗಿಕೊಂಡೇ ಅವರಿಗೆ ಮದ್ದು ಹೇಳುತ್ತೇನೆ ಎಂದು 1199ರ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ವಾಸಿಮಾಡು ಎಂಬ ಪ್ರಾರ್ಥನೆಯನ್ನು ಯಹೂದಿಗಳು ವಾರದ ದಿನಗಳಲ್ಲಿ ಮೂರು ಹೊತ್ತೂ ಹೇಳುತ್ತಾರೆ, ಅವನೂ ಹೇಳುತ್ತಿದ್ದವನೇ. ಹರಕೆಯನ್ನು ಬಿಡಿಸು ಎಂದು ನಾನು ಹೇಳುತ್ತಿಲ್ಲ, ಅದು ಇರಲಿ.

ಪ್ರಾರ್ಥನೆಗೂ ಅವರಲ್ಲಿ ಒಂದು ಮೇರೆ ಇದೆ. ದಾರಿಯಿಂದ ಬರುತ್ತಿರುವಾಗ ಊರೊಳಗಿಂದ ಚೀರಾಟ ಕೇಳಿಸಿದರೆ, ‘ಅದು ನಮ್ಮ ಮನೆಯದಾಗದಿರಲಿ’ ಎನ್ನುವುದು ವ್ಯರ್ಥ ಪ್ರಾರ್ಥನೆ. ಆಗಬೇಕಾದ್ದು ಆಗಿಹೋಗಿದೆ. ಹೋದ ವರ್ಷ ಸ್ಕ್ಯಾನಿಂಗ್ ರಿಪೋರ್ಟಿನ ಲಕೋಟೆ ಹಿಡಿದುಕೊಂಡು ಕಾರಿಡಾರಿನಲ್ಲಿ ನಾನು ಮಾಡಿದ್ದು ಅದನ್ನೇ, ಬಿಡು.

ನಮ್ಮೂರಿನ ಒಂದು ಮಾತು. 1130ರ ದಶಕದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದೇ ಮಂಗಳೂರಿನಲ್ಲಿದ್ದ. ಟ್ಯುನೀಶಿಯಾದವನು, ಇಲ್ಲಿ ಕಂಚಿನ ಪಾತ್ರೆ ಮಾಡಿಸುತ್ತಿದ್ದ, ಅರೇಬಿಯಾದ ಏಡನ್ ಬಂದರಿಗೆ ಮೆಣಸು, ಕಬ್ಬಿಣ ಕಳಿಸುತ್ತಿದ್ದ. ಅವನ ಕಾಗದಗಳು ಕೈರೋದ ಒಂದು ಸಿನಗಾಗಿನ, ಎಂದರೆ ಯಹೂದಿ ಪ್ರಾರ್ಥನಾಮಂದಿರದ, ಕೋಣೆಯಲ್ಲಿ ಉಳಿದುಕೊಂಡವು. ಹಡಗು ಮುಳುಗಿದ ಸುದ್ದಿ ಏಡನ್ನಿನಿಂದ ಬಂದ ಒಂದರಲ್ಲಿದೆ: ಮೆಣಸು ಪೂರ್ತಿ ಹೋಯಿತು, ಕಬ್ಬಿಣ ಅರ್ಧದಷ್ಟು ಸಿಕ್ಕಿತು. ದೇವರ ಹೆಸರೂ ಸರಕಿನ ಲೆಕ್ಕವೂ ಒಂದೇ ಕಾಗದದಲ್ಲಿ. ಬಂದರಿನ ಕಡೆ ಹೋದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಶುಕ್ರವಾರ ರಾತ್ರಿಯ ಬಸ್ಸಿಗೆ ಬರುತ್ತಿದ್ದೇನೆ. ಅಪ್ಪಯ್ಯನ ಹಳೆಯ ಚೀಟಿಯ ಫೋಟೊ ತೆಗೆದು ಕಳಿಸು. ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ಎಣಿಸಿ ಹೇಳು. ಡಾಕ್ಟರು ಅವನ್ನೇ ಮುಂದುವರಿಸಿ ಎಂದರೆ ಕಡಿಮೆ ಬಿದ್ದದ್ದನ್ನು ಇಲ್ಲಿಂದಲೇ ತರುತ್ತೇನೆ.

ನಿನ್ನ,
ಗೆಳೆಯ