ಫ್ಯೂಮ್ ಹುಡ್ ಪಕ್ಕ ನಿಂತು ಕಲಿಸಿದವರಿಗೆ

ಕೆಮಿಸ್ಟ್ರಿ ಲ್ಯಾಬಿನ ಫ್ಯೂಮ್ ಹುಡ್‌ನಲ್ಲಿ (ಆವಿ ಹೊರಗೆಳೆಯುವ ಗೂಡು) ನಾನು ಮಾಡಿದ ಮೊದಲ ಕಾಂಪೌಂಡಿನ ಎನ್‌ಎಂಆರ್, ಅಂದರೆ ಅಣುವಿನ ರಚನೆ ತೋರಿಸುವ ಗ್ರಾಫ್, ಮೊನ್ನೆ ಬಂತು. ಬೇಕಾದ ಪೀಕ್‌ಗಳೆಲ್ಲ ಇವೆ. ಗ್ರಾಫಿನ 2.05ರ ಹತ್ತಿರ ಈಥೈಲ್ ಅಸಿಟೇಟ್ ಅನ್ನೋ ಸಾಲ್ವೆಂಟ್ (ಕರಗಿಸುವ ದ್ರವ) ಸ್ವಲ್ಪ ತಲೆ ಹಾಕಿದೆ, ಇರಲಿ. ಇನ್ನೊಂದಿಷ್ಟು ಹೊತ್ತು ವ್ಯಾಕ್ಯೂಮ್ ಪಂಪ್‌ಗೆ ಹಾಕಿದರೆ ಅದೂ ಹೋಗುತ್ತದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಥ್ಯಾಂಕ್ಸ್ ಹೇಳೋಕೆ ಸಿಗುವುದು ಒಂದೇ ಪುಟ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸೀನಿಯರ್ ಅಕ್ಕನಿಗೆ. ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಉತ್ತರ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಫ್ಲಾಸ್ಕಿನೊಳಗೆ ಏನು ನಡೆದಿದೆ ಅಂತ ಯಾರಿಗೂ ಗೊತ್ತಿಲ್ಲ! ಅದನ್ನು ಪತ್ತೆ ಮಾಡುವ ದಾರಿ ಅವರು ಕಲಿಸಿದ ಟಿಎಲ್‌ಸಿ, ಅಂದರೆ ಸಿಲಿಕಾ ಲೇಪಿಸಿದ ಪ್ಲೇಟಿನ ಮೇಲೆ ಸಾಲ್ವೆಂಟ್ ಏರಿಸಿ ಮಿಶ್ರಣದಲ್ಲಿರುವುದನ್ನು ಬೇರೆ ಬೇರೆ ಮಾಡಿ ನೋಡುವುದು. ಪ್ಲೇಟಿನ ಮೇಲೆ ಪೆನ್ಸಿಲಿನಲ್ಲೇ ಗೆರೆ ಎಳೆಯಬೇಕು, ಪೆನ್ನಿನ ಶಾಯಿಯಾದರೆ ಸಾಲ್ವೆಂಟ್ ಜೊತೆ ತಾನೂ ಮೇಲೇರುತ್ತದೆ. ಒಂದು ಕಡೆ ಸ್ಟಾರ್ಟಿಂಗ್ ಮೆಟೀರಿಯಲ್, ಇನ್ನೊಂದು ಕಡೆ ರಿಯಾಕ್ಷನ್ ಮಿಕ್ಸ್ಚರ್, ನಡುವೆ ಎರಡನ್ನೂ ಒಂದರ ಮೇಲೊಂದು ಇಟ್ಟ ಚುಕ್ಕೆ. 254 ನ್ಯಾನೋಮೀಟರ್ ಯುವಿ ದೀಪದಡಿ ಪ್ಲೇಟ್ ಹಸಿರಾಗಿ ಹೊಳೆಯುತ್ತದೆ, ಕಾಂಪೌಂಡ್ ಬೆಳಕು ಹೀರಿದ ಕಡೆ ಕಪ್ಪು. "ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ, ಪರ್ಮಾಂಗನೇಟ್‌ನಲ್ಲಿ ಅದ್ದಿ ನೋಡು" ಅಂದರು. ನೇರಳೆ ಪ್ಲೇಟಿನ ಮೇಲೆ ಹಳದಿ ಚುಕ್ಕೆ ಎದ್ದು ಬಂತು. ಅವತ್ತು ಊಟಕ್ಕೆ ಹೋಗುವುದೇ ಮರೆತಿತ್ತು.

ಅಕ್ಕ ಯಾವ ನಿಯಮವನ್ನೂ ಸುಮ್ನೆ ಹೇಳಿದವರಲ್ಲ, ಕಾರಣ ಜೊತೆಗೇ ಬರುತ್ತಿತ್ತು. ಡೈಕ್ಲೋರೋಮೀಥೇನ್ ಚೆಲ್ಲಿದರೆ ಗ್ಲೌಸ್ ತಕ್ಷಣ ಬಿಚ್ಚು, ಗ್ಲೌಸಿನ ನೈಟ್ರೈಲ್ ರಬ್ಬರ್ ಅದನ್ನು ಹೆಚ್ಚು ಹೊತ್ತು ತಡೆಯಲ್ಲ. ನೈಟ್ರಿಕ್ ಆಸಿಡ್ ಯಾವತ್ತೂ ಸಾಲ್ವೆಂಟ್ ವೇಸ್ಟ್ ಕ್ಯಾನಿಗೆ ಹೋಗಬಾರದು, ಒಳಗೆ ಗ್ಯಾಸ್ ತುಂಬಿ ಕ್ಯಾನ್ ಸಿಡಿಯಬಹುದು. ನೀರು ತೆಗೆಯಲು ಇಟ್ಟ ಟಿಎಚ್‌ಎಫ್ ಸಾಲ್ವೆಂಟ್ ಗಾಢ ನೀಲಿ ಆಗುವ ತನಕ ಕಾಯಿ. ನೀರು, ಆಕ್ಸಿಜನ್ ಉಳಿದಿದ್ದರೆ ಸೋಡಿಯಂ, ಬೆಂಜೋಫಿನೋನ್ ಸೇರಿ ಕೊಡುವ ಆ ಬಣ್ಣ ನಿಲ್ಲುವುದೇ ಇಲ್ಲ. ಕಾರಣ ಗೊತ್ತಿದ್ದರೆ ಭಯ ಕಡಿಮೆ, ಎಚ್ಚರ ಜಾಸ್ತಿ, ಅಲ್ವಾ?

ನಮ್ಮ ಗೈಡ್ ಮೇಡಂಗೆ. ಮೊದಲ ವಾರಗಳಲ್ಲಿ ಅವರು ಯೀಲ್ಡ್ (ಕೊನೆಗೆ ಕೈಗೆ ಸಿಕ್ಕ ಕಾಂಪೌಂಡಿನ ಪ್ರಮಾಣ) ಎಷ್ಟು ಅಂತ ಕೇಳಲೇ ಇಲ್ಲ. "ಏನು ನೋಡಿದೆ?" ಅಂತಷ್ಟೇ ಕೇಳುತ್ತಿದ್ದರು. ಹಾಗಾಗಿ ನನ್ನ ನೋಟ್‌ಬುಕ್ ತುಂಬ ಬಣ್ಣ, ಗುಳ್ಳೆ, ಬಿಸಿ, ಮಡ್ಡಿ. ಕಾಲಮ್ ಹಾಕುವಾಗ, ಅಂದರೆ ಸಿಲಿಕಾ ತುಂಬಿದ ಕೊಳವೆಯಲ್ಲಿ ಕಾಂಪೌಂಡ್ ಬೇರ್ಪಡಿಸುವಾಗ, ಆ ಸಾಲುಗಳೇ ಕೈ ಹಿಡಿದವು.

ಎನ್‌ಎಂಆರ್ ರೂಮಿನ ಸರ್‌ಗೆ ಕೂಡ. ಸರದಿ ಎಷ್ಟೇ ಉದ್ದ ಇರಲಿ, ಗ್ರಾಫಿನ 7.26ರಲ್ಲಿರುವುದು ಸ್ಯಾಂಪಲ್ ಕರಗಿಸಿದ ಸಾಲ್ವೆಂಟಿನ ಕ್ಲೋರೋಫಾರ್ಮ್, ನಿನ್ನ ಕಾಂಪೌಂಡ್ ಅಲ್ಲ ಅಂತ ಹೊಸಬರಿಗೆಲ್ಲ ಬೇಸರವಿಲ್ಲದೆ ಹೇಳುತ್ತಾರೆ. ಆಮೇಲೆ ಸ್ಟೋರ್ಸ್ ಅಣ್ಣ. ಯಾವ ಸೈಜಿನ ಗಾಜಿನ ಜಾಯಿಂಟ್ ಯಾವ ಡ್ರಾಯರ್‌ನಲ್ಲಿದೆ ಅನ್ನೋದು ಅವರ ತಲೆಯಲ್ಲಿ ಮಾತ್ರ ಇದೆ.

ಅಕ್ಕ, ನೀವೀಗ ಥೀಸಿಸ್ ಬರೆಯುತ್ತಾ ಕೂತಿದ್ದೀರಿ. ಉಳಿದಿರುವ ಆ ದೊಡ್ಡ ಕಾಲಮ್ ನನಗೆ ಬಿಡಿ. ಸೋಮವಾರ ಬೆಳಿಗ್ಗೆಯೇ ಸಿಲಿಕಾ ಪ್ಯಾಕ್ ಮಾಡಿ ಇಟ್ಟಿರುತ್ತೇನೆ.